ಅಪ್ಪನ ಬ್ಯಾಂಡು ಕರಗಿದ ವರ್ಷಗಳು

ಅಪ್ಪ ಕ್ಲಾರಿನೆಟ್ ಅಭ್ಯಾಸ ಮಾಡುತ್ತಿದ್ದದ್ದು ಬಟ್ಟೆಯ ಕಪಾಟಿನೊಳಗೆ. ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯಲ್ಲಿ ಅಕ್ಕಿ ತೊಳೆಯುವುದೂ ನಮಗೆ ಕೇಳುತ್ತಿತ್ತು. ಮೇಲಿನ ಮನೆಯಲ್ಲಿ ರಾತ್ರಿ ಪಾಳಿಯ ಲಾರಿ ಚಾಲಕರು ಹಗಲೆಲ್ಲ ಮಲಗಿರುತ್ತಿದ್ದರು. ಆದ್ದರಿಂದ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಲುಂಗಿ ಬನಿಯನ್ನಿನಲ್ಲೇ ಕಪಾಟಿನ ಬಾಗಿಲು ತೆರೆದು, ಅಮ್ಮನ ಸೀರೆಗಳಿಗೂ ತನ್ನ ಕಪ್ಪು ಕೋಟಿಗೂ ನಡುವೆ ತಲೆಯನ್ನೂ ವಾದ್ಯವನ್ನೂ ತೂರಿಸಿ ನಿಲ್ಲುತ್ತಿದ್ದ. ಹಿಂದಿನಿಂದ ನೋಡಿದರೆ ತಲೆಯಿಲ್ಲದ ಮನುಷ್ಯನೊಬ್ಬ ಬರಿಗಾಲಲ್ಲಿ ತಾಳ ಹಾಕುತ್ತಾ ನಿಂತ ಹಾಗೆ ಕಾಣುತ್ತಿತ್ತು. ಸೀರೆಗಳು ಸ್ವರವನ್ನು ಹೀರಿಕೊಳ್ಳುತ್ತಿದ್ದವು. ಹೊರಗೆ ಬರುತ್ತಿದ್ದದ್ದು ಎರಡು ಬೀದಿ ಆಚೆಯ ಮದುವೆ ಮನೆಯಿಂದ ಬಂದಂಥ ದನಿ. ನಾನೂ ತಂಗಿ ಸುಜಾತಾಳೂ ಅದೇ ಕೋಣೆಯ ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆವು. ಎಲ್ಲಾದರೂ ಪೂಜೆಗೆ ಹೊರಟಾಗ ಅಮ್ಮ ಸೀರೆ ಕೊಡವಿ ಮೂಗಿಗೆ ಹಿಡಿಯುತ್ತಿದ್ದಳು.

"ಇದರಲ್ಲಿ ನಿಮ್ಮ ಉಸಿರಿನ ವಾಸನೆ ಉಂಟು."

ಅದು ಬೈಗುಳವೋ ಪ್ರೀತಿಯೋ ನನಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು; ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಮುಗಿಸಿದವನು ನಾನು. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಎಂದೂ ಬಂದಿಲ್ಲ.

ಮನೆಯ ದಿನಚರಿ ಅಪ್ಪನ ಕೆಲಸಕ್ಕೆ ಹೊಂದಿಕೊಂಡಿತ್ತು. ಅವನು ಸಮುದ್ರದ ಬದಿಯ ಒಂದು ದೊಡ್ಡ ಹೊಟೇಲಿನ ಬ್ಯಾಂಡಿನಲ್ಲಿದ್ದ. ಸಂಜೆ ಹೋಗಿ, ಜನ ಕುಣಿದು ದಣಿದ ಮೇಲೆ ಬರುವ ಕೆಲಸ. ಹಾಗಾಗಿ ಬೆಳಿಗ್ಗೆ ಹತ್ತರವರೆಗೆ ನಮ್ಮಲ್ಲಿ ಕುಕ್ಕರ್ ಕೂಗುವಂತಿರಲಿಲ್ಲ. ಅಮ್ಮ ಕುಸುಬಲಕ್ಕಿಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದಳು. ಬಂಗುಡೆಯ ತಲೆಯನ್ನು ಕತ್ತರಿಸುವಾಗ ಮಣೆಯ ಕೆಳಗೆ ಹಳೆಯ ಟವೆಲ್ ಮಡಚಿ ಇಡುತ್ತಿದ್ದಳು. ನಾವಿಬ್ಬರು ಶೂಗಳನ್ನು ಕೈಯಲ್ಲಿ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತು ಹಾಕಿಕೊಂಡು ಶಾಲೆಯ ಬಸ್ಸಿಗೆ ಓಡುತ್ತಿದ್ದೆವು. ಎದ್ದ ಮೇಲೆ ಅಪ್ಪ ಬೇರೆಯೇ ಮನುಷ್ಯ. ಯಾವ ಸದ್ದನ್ನೂ ಸುಮ್ಮನೆ ಬಿಡುವವನಲ್ಲ. ನೀರಿನ ಪಂಪು ಅರ್ಧ ಸ್ವರ ಕೆಳಗಿದೆ ಎನ್ನುತ್ತಿದ್ದ. ಸುಜಾತಾ ಶಾಲೆಯ ಹಾಡು ಗುನುಗಿದರೆ ಅನ್ನ ಕಲಸುತ್ತಲೇ ತಿದ್ದುತ್ತಿದ್ದ. ತಪ್ಪು ಸ್ವರವೊಂದು ಕಿವಿಯ ಹತ್ತಿರ ಹಾದು ಹೋದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ.

"ಡ್ಯಾಡಿ, ಇಟ್ಸ್ ಜಸ್ಟ್ ಎ ಸಾಂಗ್," ಎನ್ನುತ್ತಿದ್ದಳು ಅವಳು.

"ಜಸ್ಟ್ ಅಂತೆ. ಜಸ್ಟ್ ಹಾಡಿದ್ರೆ ಜಸ್ಟ್ ಸಂಬಳ ಸಿಗ್ತದೆ."

ಬೊಂಬಾಯಿಯ ನಮ್ಮವರ ಹೊಟೇಲಿನಲ್ಲಿ ತಟ್ಟೆ ತೊಳೆಯಲು ಹೋದ ಅಪ್ಪನಿಗೆ ಈ ಸಂಗೀತ ಹೇಗೆ ಗಂಟುಬಿತ್ತು ಎನ್ನುವುದನ್ನು ಅವನು ಊಟದ ಹೊತ್ತಿಗೇ ಹೇಳುತ್ತಿದ್ದದ್ದು. ಹೊಟೇಲಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕ ಗೋವಾದ ಬ್ಯಾಂಡ್ ಮಾಸ್ತರ ಇದ್ದನಂತೆ. ಆ ಮಾಸ್ತರ ಹುಡುಗನಾಗಿದ್ದಾಗ, ಬ್ರಿಟಿಷರ ಕಾಲದಲ್ಲಿ, ಅಮೆರಿಕದ ಕರಿಯ ಸಂಗೀತಗಾರರು ಹಡಗಿನಲ್ಲಿ ಬಂದು ಬೊಂಬಾಯಿಯ ಸಮುದ್ರ ತೀರದ ದೊಡ್ಡ ಹೊಟೇಲಿನಲ್ಲಿ ನುಡಿಸಿದ್ದರಂತೆ. ಗೋವಾದವರು ಅವರ ಪಕ್ಕ ಕೂತು ಕಲಿತರು, ಅವರಿಂದ ಅಪ್ಪ ಕಲಿತ. ಕಥೆ ಹೇಳುವಾಗ ಅಪ್ಪನ ತಟ್ಟೆಯೇ ಭೂಪಟ. ಮೀನಿನ ನಡುಮುಳ್ಳನ್ನು ಉದ್ದಕ್ಕೆ ಇಡುತ್ತಿದ್ದ. ಅದು ಅಮೆರಿಕದ ಮಹಾನದಿ. ಕೆಳತುದಿಯಲ್ಲಿ ಒಂದು ಹಿಡಿ ಅನ್ನ. ಅದು ನ್ಯೂ ಆರ್ಲಿಯನ್ಸ್. ಅಲ್ಲಿ ಗುಲಾಮರ ಮಕ್ಕಳು ಮೊಮ್ಮಕ್ಕಳು ಸೈನ್ಯದವರು ಬಿಟ್ಟುಹೋದ ಹಳೆಯ ಕಹಳೆಗಳನ್ನು ಹಿಡಿದರು. ಸತ್ತವನನ್ನು ಒಯ್ಯುವಾಗ ಬ್ಯಾಂಡು ಕಾಲೆಳೆಯುತ್ತಾ ಅಳುತ್ತಾ ಹೋಗುವುದು. ಹೂತು ಬರುವಾಗ ಅದೇ ಬ್ಯಾಂಡು ಕುಣಿಸುತ್ತಾ ಬರುವುದು. ಆಮೇಲೆ ನದಿಯ ದೋಣಿಗಳಲ್ಲಿ, ರೈಲಿನಲ್ಲಿ, ಕೆಲಸ ಹುಡುಕಿ ಜನ ಉತ್ತರಕ್ಕೆ ಹೋದರು, ಸಂಗೀತವೂ ಹೋಯಿತು. ಮೇಲ್ತುದಿಯ ಉಪ್ಪಿನಕಾಯಿ ಶಿಕಾಗೋ, ತಟ್ಟೆಯ ಅಂಚಿನ ಹಪ್ಪಳ ನ್ಯೂಯಾರ್ಕ್. ಮೊದಲು ಐದಾರು ಜನ, ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಹೆಣೆಯುತ್ತಾ ನುಡಿಸುತ್ತಿದ್ದರು. ಕುಣಿಯುವ ಸಭಾಂಗಣಗಳು ದೊಡ್ಡದಾದ ಹಾಗೆ ಬ್ಯಾಂಡೂ ದೊಡ್ಡದಾಯಿತು. ಕಹಳೆಯವರು ಒಂದು ಸಾಲು, ಸ್ಯಾಕ್ಸೋಫೋನಿನವರು ಇನ್ನೊಂದು ಸಾಲು, ಯಾರು ಏನು ನುಡಿಸಬೇಕೆಂದು ಬರೆದುಕೊಡಲು ಒಬ್ಬ. ಆ ಸಂಗೀತವೇ ಸ್ವಿಂಗ್.

"ಕಾಗದದಲ್ಲಿ ಎರಡು ಸ್ವರ ಸಮ ಇರ್ತದೆ," ಎನ್ನುತ್ತಿದ್ದ ಅಪ್ಪ. "ನುಡಿಸುವಾಗ ಮೊದಲನೇದು ಚೂರು ಉದ್ದ, ಎರಡನೇದು ಚೂರು ಗಿಡ್ಡ. ಎಷ್ಟು ಅಂತ ಯಾರಿಗೂ ಬರೀಲಿಕ್ಕೆ ಆಗುದಿಲ್ಲ. ನಿನ್ನ ಅಮ್ಮ ಚಪಾತಿ ಲಟ್ಟಿಸ್ತಾಳಲ್ಲ, ಮುಂದೆ ಹೋಗುವಾಗ ಒಂದು ಒತ್ತು, ಹಿಂದೆ ಬರುವಾಗ ಒಂದು ಒತ್ತು. ಕೇಳು. ಅದು ಸ್ವಿಂಗ್."

"ನನ್ನ ಸೊಂಟನೋವಿಗೂ ಒಂದು ಇಂಗ್ಲಿಷ್ ಹೆಸರು ಇಡಿ," ಎಂದು ಅಡುಗೆಮನೆಯಿಂದ ಅಮ್ಮ ಹೇಳುತ್ತಿದ್ದಳು.

ಕಚ್ಚಾ ಎಣ್ಣೆಯ ಬೆಲೆ ಬಿದ್ದ ಸುದ್ದಿ ನಮ್ಮ ಮನೆಗೆ ರೇಡಿಯೋದಿಂದ ಬರಲಿಲ್ಲ, ಮೆಟ್ಟಿಲಿನಿಂದ ಬಂತು. ಕಟ್ಟಡದ ಮೆಟ್ಟಿಲುಗಳಲ್ಲಿ ಸೋಫಾಗಳು, ಫ್ರಿಜ್‌ಗಳು ಕೆಳಗಿಳಿಯತೊಡಗಿದವು. ನಮ್ಮ ಶಾಲೆಯಲ್ಲಿ ಬೆಂಚುಗಳು ಖಾಲಿಯಾದವು. ಮೈಸೂರು ಕಡೆಯ ಇಂಜಿನಿಯರರ ಮಗನೊಬ್ಬ ನನ್ನ ಪಕ್ಕ ಕೂರುತ್ತಿದ್ದ, ಒಂದು ಶನಿವಾರ ಅವನ ಜಾಗದಲ್ಲಿ ಚೀಲವೂ ಇರಲಿಲ್ಲ. ಅಪ್ಪ ಮಾತ್ರ ಹೆದರಲಿಲ್ಲ. ಅವನ ಹತ್ತಿರ ಇತಿಹಾಸವಿತ್ತು.

"ಅಮೆರಿಕದಲ್ಲೂ ಹೀಗೇ ಆಗಿತ್ತು. ಬ್ಯಾಂಕುಗಳೆಲ್ಲ ಮುಳುಗಿದ್ವು, ಜನ ರೊಟ್ಟಿಗೆ ಸಾಲು ನಿಂತರು. ಸ್ವಿಂಗ್ ಹುಟ್ಟಿದ್ದೇ ಆಗ. ದುಡ್ಡು ಇಲ್ಲದಾಗ ಜನ ಹೆಚ್ಚು ಕುಣೀತಾರೆ ಮಾರಾಯ್ತಿ. ಇನ್ನು ನೋಡು ನಮ್ಮ ಹೊಟೇಲು."

ಅಪ್ಪ ಇದನ್ನು ನಿಜವಾಗಿಯೂ ನಂಬಿದ್ದ. ಆದರೆ ಅಮೆರಿಕದಲ್ಲಿ ಕೆಲಸ ಹೋದವನು ತನ್ನ ಊರಿನಲ್ಲೇ ಇದ್ದ, ಸಂಜೆ ಜೇಬಿನ ಕಡೆಯ ನಾಣ್ಯ ಕೊಟ್ಟು ಕುಣಿದ. ಮಸ್ಕತ್ತಿನಲ್ಲಿ ಕೆಲಸ ಹೋದವನ ವೀಸಾವೂ ಹೋಗುತ್ತದೆ, ಅವನು ವಿಮಾನ ಹತ್ತಬೇಕು. ಕುಣಿಯಲು ಯಾರು ಉಳಿಯುತ್ತಾರೆ? ಅಮೆರಿಕದ ಇತಿಹಾಸ ಅಷ್ಟು ತಿಳಿದಿದ್ದ ಅಪ್ಪನಿಗೆ ಈ ಒಂದು ವ್ಯತ್ಯಾಸ ಹೊಳೆಯಲಿಲ್ಲ. ಎಣ್ಣೆ ಕಂಪನಿಗಳ ಬಿಳಿಯರು, ಅವರ ಹೆಂಡಂದಿರು, ಗುತ್ತಿಗೆ ಮುಗಿದು ಒಬ್ಬೊಬ್ಬರಾಗಿ ಹೋದರು. ಹೊಟೇಲಿನ ಮೇಜುಗಳ ಮೇಲೆ ಬಿಳಿ ಬಟ್ಟೆ ಮಾತ್ರ ಉಳಿಯಿತು.

ಬ್ಯಾಂಡಿನಲ್ಲಿ ಆರು ಜನರಿದ್ದರು. ಮೊದಲು ಹೊಟೇಲಿನ ಮ್ಯಾನೇಜರು ಟ್ರೊಂಬೋನ್ ಊದುವವನನ್ನು ಕೆಲಸದಿಂದ ಕಳಿಸಿದ. ಆ ದಿನ ಅಪ್ಪ ಊಟದ ಮೇಜನ್ನು ಒರೆಸಿ, ಗೆರೆ ಕಾಗದಗಳನ್ನು ಹರಡಿ, ಪೆನ್ಸಿಲು ಹಿಡಿದು ಕೂತ. ಹೋದವನ ಸ್ವರಗಳನ್ನು ಉಳಿದವರಿಗೆ ಹಂಚುವ ಕೆಲಸ ಅದು: ಇಷ್ಟನ್ನು ಪಿಯಾನೋದ ಎಡಗೈಗೆ, ಇಷ್ಟನ್ನು ಕಹಳೆಯವನಿಗೆ, ಇಷ್ಟನ್ನು ತನಗೆ. ಇದು ಅವನ ಮಾಸ್ತರನಿಂದ ಬಂದ ಶಿಸ್ತು. ಒಬ್ಬ ಕಾಯಿಲೆ ಬಿದ್ದರೆ, ಒಬ್ಬ ಕುಡಿದು ಬಾರದೆ ಹೋದರೆ, ಕುಣಿಯುವವರಿಗೆ ಅದು ತಿಳಿಯಬಾರದು. ಕುರ್ಚಿ ಖಾಲಿಯಾಗಬಹುದು, ಸಂಗೀತ ಖಾಲಿಯಾಗಬಾರದು. ವಾರ ಕಳೆದ ಮೇಲೆ ಅಪ್ಪ ಊಟಕ್ಕೆ ಕೂತು ಬಹಳ ತೃಪ್ತಿಯಿಂದ ಹೇಳಿದ.

"ಯಾರಿಗೂ ಗೊತ್ತಾಗಲಿಲ್ಲ. ಬಿಳಿ ಮೀಸೆಯ ಒಬ್ಬ ಸಾಹೇಬ ಇದ್ದಾನೆ, ಹೆಂಡತಿ ಜೊತೆ ಬರುವವ. ಬ್ಯಾಂಡು ಮೊದಲಿಗಿಂತ ಚಂದ ಅಂತ ಹೇಳಿ ಹೋದ."

"ಗೊತ್ತಾಗ್ಬೇಕಿತ್ತು," ಅಂದಳು ಅಮ್ಮ.

"ಎಂತಕ್ಕೆ?"

"ಗೊತ್ತಾಗದಿದ್ರೆ ಮ್ಯಾನೇಜರು ಎಂತ ತಿಳೀತಾನೆ? ಅವ ಇಲ್ಲದಿದ್ರೂ ನಡೀತದೆ ಅಂತ ತಿಳೀತಾನೆ. ನಾಳೆ ಇನ್ನೊಬ್ಬನನ್ನು ಕಳಿಸ್ತಾನೆ. ನೀವು ಇನ್ನೊಮ್ಮೆ ಬರೀತೀರಿ. ಕಡೆಗೆ ನಿಮ್ಮ ಹತ್ರ ಬರ್ತಾನೆ ನೋಡಿ."

"ಹಾಗಂತ ಹಾಡಿನಲ್ಲಿ ಓಟೆ ಬಿಡ್ಲಿಕ್ಕಾಗ್ತದಾ?"

"ಬಿಡಿ. ಅಷ್ಟು ದೊಡ್ಡ ಓಟೆ ಬಿಡಿ, ಸಾಹೇಬನ ಹೆಂಡತಿ ಅದರಲ್ಲಿ ಕಾಲು ಹಾಕಿ ಬೀಳಲಿ."

ಅಪ್ಪ ನಗಲಿಲ್ಲ. ಅಮ್ಮ ನಾಲ್ಕನೇ ಕ್ಲಾಸು ಓದಿದವಳು, ಒಂದು ಸ್ವರದ ಹೆಸರೂ ಅವಳಿಗೆ ತಿಳಿದಿರಲಿಲ್ಲ. ಆದರೆ ನಮ್ಮ ನಾಲ್ವರ ವೀಸಾ ನಿಂತಿದ್ದದ್ದು ಆ ಬ್ಯಾಂಡಿನ ಒಂದು ಕುರ್ಚಿಯ ಮೇಲೆ ಎನ್ನುವುದನ್ನು ಅವಳು ಅಪ್ಪನಿಗಿಂತ ಮೊದಲೇ ಲೆಕ್ಕ ಹಾಕಿದ್ದಳು. ಕುರ್ಚಿ ಹೋದರೆ ಮನೆ ಎರಡಾಗುತ್ತದೆ. ಇವತ್ತು ನನ್ನದೇ ಎ.ಸಿ. ವರ್ಕ್‌ಶಾಪು ಇದೆ. ಒಬ್ಬ ರಜೆ ಹೋದರೆ ಅವನ ಕೆಲಸವನ್ನು ನಾನು ಬೇರೆಯವರಿಗೆ ಹಂಚುವುದಿಲ್ಲ. ಅವನು ಬಿಚ್ಚಿಟ್ಟ ಮೋಟಾರು ಅವನ ಮೇಜಿನ ಮೇಲೇ ಇರುತ್ತದೆ, ಗಿರಾಕಿ ಕಾಯುತ್ತಾನೆ, ಕೆಲವರು ಬೈದು ಬೇರೆ ಕಡೆ ಹೋಗುತ್ತಾರೆ. ಹೋಗಲಿ. ಒಬ್ಬ ಮನುಷ್ಯ ಇಲ್ಲ ಎನ್ನುವುದು ಕಣ್ಣಿಗೆ ಕಾಣಬೇಕು. ಇದು ಲಾಭದ ದಾರಿಯಲ್ಲ ಎಂದು ನನ್ನ ಮಗ ಹೇಳುತ್ತಾನೆ. ಅವನು ಆ ಊಟದ ಮೇಜನ್ನು ನೋಡಿದವನಲ್ಲ.

ಅಮ್ಮ ಹೇಳಿದ ಹಾಗೇ ಆಯಿತು. ದೊಡ್ಡ ತಂತಿವಾದ್ಯ ನುಡಿಸುತ್ತಿದ್ದವನು ಹೋದ. ಅವನ ಸ್ವರಗಳೂ ಪಿಯಾನೋದ ಎಡಗೈಗೆ ಹೋದವು. ಕಹಳೆಯವನು ಹೋದ, ಅವನದ್ದನ್ನು ಅಪ್ಪ ಕ್ಲಾರಿನೆಟ್ಟಿಗೆ ಎತ್ತಿಕೊಂಡ. ಪ್ರತಿ ಸಲವೂ ಅದೇ ಪೆನ್ಸಿಲು, ಅದೇ ಶ್ರದ್ಧೆ. ಕಪಾಟಿನೊಳಗೆ ಈಗ ಅಪ್ಪ ಎರಡು ಮೂರು ಜನರ ಉಸಿರನ್ನು ಒಬ್ಬನೇ ಊದಬೇಕಿತ್ತು. ಹೊರಗೆ ಬಂದಾಗ ಬನಿಯನ್ನು ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು. ಹಲ್ಲು ಒತ್ತಿ ಒತ್ತಿ ಅವನ ಕೆಳತುಟಿಯ ಒಳಬದಿ ಸೀಳಿತು. ಅಮ್ಮ ಸಾರಿಗೆ ಮೆಣಸು ಕಡಿಮೆ ಹಾಕತೊಡಗಿದಳು. ಕಡೆಗೆ ಡ್ರಮ್ಮಿನವನ ಜಾಗಕ್ಕೆ ಒಂದು ಕಪ್ಪು ಪೆಟ್ಟಿಗೆ ಬಂತು. ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ಯಂತ್ರ. ಉಳಿದವರು ಅಪ್ಪ ಮತ್ತು ಪಿಯಾನೋದ ಕಾಯ್ತಾನ್ ಅಂಕಲ್ ಇಬ್ಬರೇ. ಕಾಯ್ತಾನ್ ಅಂಕಲ್ ಬಜ್ಪೆ ಕಡೆಯ ಕ್ರಿಶ್ಚನ್, ಬೊಂಬಾಯಿಯಿಂದ ಅಪ್ಪನ ಜೊತೆ ಬಂದವರು, ಮದುವೆಯಾಗದವರು. ನಮ್ಮ ಮನೆಗೆ ಊಟಕ್ಕೆ ಬಂದಾಗ ಅವರೇ ಆ ಯಂತ್ರದ ಸುದ್ದಿ ಹೇಳಿದ್ದು.

"ಒಳ್ಳೇ ಡ್ರಮ್ಮರ್ ಅಕ್ಕಾ, ನಿಮ್ಮ ಗಂಡನಿಗಿಂತ ಒಳ್ಳೇವ. ಬೀಡಿ ಸೇದುದಿಲ್ಲ, ಊಟ ಕೇಳುದಿಲ್ಲ, ನನ್ನ ಹತ್ರ ಜಗಳ ಮಾಡುದಿಲ್ಲ."

"ಅದಕ್ಕೆ ಸ್ವಿಂಗ್ ಬರುದಿಲ್ಲ," ಎಂದ ಅಪ್ಪ. "ಎಲ್ಲ ಸ್ವರ ಸಮ. ಗಡಿಯಾರ ಅದು."

"ಸಂಬಳ ಕೇಳದ ಗಡಿಯಾರ ಮಾರಾಯ. ಮ್ಯಾನೇಜರಿಗೆ ಅದರ ಮೇಲೆ ಲವ್ ಆಗಿದೆ."

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಮ್ಯಾನೇಜರು ಅಪ್ಪನನ್ನು ಆಫೀಸಿಗೆ ಕರೆದು ಚಹಾ ತರಿಸಿಕೊಟ್ಟ. ಇನ್ನು ಒಬ್ಬನಿಗೆ ಮಾತ್ರ ಜಾಗ. ಪಿಯಾನೋ ಒಂದೇ ಇದ್ದರೂ ತುಂಬಿದ ಹಾಗೆ ಕೇಳುತ್ತದೆ, ಕ್ಲಾರಿನೆಟ್ ಹಾಗಲ್ಲ. ಆದರೆ ಹಳೆಯ ಗಿರಾಕಿಗಳು ಅವೇ ಹಾಡುಗಳನ್ನು ಕೇಳುತ್ತಾರೆ, ಆದ್ದರಿಂದ ಹೋಗುವ ಮುಂಚೆ ಅಪ್ಪನೇ ಎಲ್ಲವನ್ನೂ ಪಿಯಾನೋಗೆ ಇಳಿಸಿಕೊಡಬೇಕು, ಅವನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಈ ಕೊನೆಯ ಮಾತನ್ನು ಮನೆಯಲ್ಲಿ ಹೇಳುವಾಗ ಅಪ್ಪನ ಮುಖದಲ್ಲಿ ಸ್ವಲ್ಪ ಹೆಮ್ಮೆ ಇದ್ದದ್ದನ್ನು ನಾನು ನೋಡಿದೆ. ಬ್ಯಾಂಡಿನವರ ವೀಸಾಗಳನ್ನು ಕೊಡಿಸಿ ಹೊಣೆ ನಿಂತಿದ್ದ ಅರಬಿ ಯಜಮಾನ, ಅಂದರೆ ನಮ್ಮ ಕಫೀಲ್, ಕೆಟ್ಟ ಮನುಷ್ಯನಲ್ಲ. ಅಪ್ಪನ ಹೆಗಲ ಮೇಲೆ ಕೈ ಹಾಕಿ, ಮ್ಯೂಸಿಕ್ ಖಲಾಸ್, ದೂರದ ಸೂರ್‌ನಲ್ಲಿ ನನ್ನ ಸಿಮೆಂಟಿನ ಗೋದಾಮಿದೆ, ಅಲ್ಲಿ ಸ್ಟೋರ್ ಕೀಪರ್ ಆಗು ಎಂದ. ಆದರೆ ಆ ಕೆಲಸಕ್ಕೆ ಸಂಸಾರದ ವೀಸಾ ಇಲ್ಲ. ಅಮ್ಮ, ಸುಜಾತಾ ಊರಿಗೆ ಹೋಗಬೇಕು. ಹದಿನಾರಕ್ಕೆ ಬರುತ್ತಿದ್ದ ನಾನು ಬೇಕಾದರೆ ಮಸ್ಕತ್ತಿನ ರುವಿಯಲ್ಲಿದ್ದ ಅವನ ಎ.ಸಿ. ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಬಹುದು.

ಅಪ್ಪ ಮಾರನೆಯ ಮಧ್ಯಾಹ್ನವೇ ಮೇಜು ಒರೆಸಿದ. ಅಮ್ಮ ಎದುರಿಗೆ ನಿಂತಿದ್ದಳು.

"ನಿಮ್ಮನ್ನು ಕಳಿಸ್ಲಿಕ್ಕೆ ನಿಮ್ಮ ಕೈಯಿಂದಲೇ ಬರೆಸ್ತಾರೆ. ನೀವು ಬರೀತೀರಿ."

"ಬೇರೆಯವ ಬರೆದ್ರೆ ಹಾಳು ಮಾಡ್ತಾನೆ."

"ಹಾಳಾಗ್ಲಿ ಅಂತಲೇ ಅಲ್ವಾ ನಾನು ಹೇಳುದು."

"ಅದು ಕಾಯ್ತಾನನ ಕೈಗೆ ಹೋಗುವ ಹಾಡು. ಅವನಿಗೆ ಹಾಳಾದ್ದು ಕೊಡ್ಲಾ? ಹೋಗು, ಕೆಲಸ ನೋಡು."

ಆ ಮಧ್ಯಾಹ್ನ ಅಮ್ಮ ಕುಕ್ಕರನ್ನು ಒಲೆಗಿಟ್ಟು, ಅದು ಕೂಗಿ ಕೂಗಿ ಸುಸ್ತಾಗುವವರೆಗೂ ಇಳಿಸಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. ಮುಗಿದ ಮೇಲೆ ಕಾಯ್ತಾನ್ ಅಂಕಲ್ ಕಾಗದ ಒಯ್ಯಲು ಬಂದರು. ಮನೆಯಲ್ಲಿ ಪಿಯಾನೋ ಇರಲಿಲ್ಲ. ಅಪ್ಪ ಅವರನ್ನು ಊಟದ ಮೇಜಿನ ಮುಂದೆ ಕೂರಿಸಿ, ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸಿನ ಮೇಲೆಯೇ ನುಡಿಸಲು ಹೇಳಿದ. ಕಾಗದ ನೋಡುತ್ತಾ ಅವರ ಹತ್ತು ಬೆರಳುಗಳು ಮೇಜಿನ ಮೇಲೆ ಓಡಿದವು. ಉಗುರಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಪ್ಪ ಪಕ್ಕದಲ್ಲಿ ನಿಂತು ಆ ನಿಶ್ಶಬ್ದವನ್ನು ಕೇಳಿಸಿಕೊಳ್ಳುತ್ತಿದ್ದ. ಕ್ಲಾರಿನೆಟ್ ಒಂದೇ ಹಾಡುತ್ತಿದ್ದ ಜಾಗಕ್ಕೆ ಬಂದಾಗ, ಅಂದರೆ ಅಪ್ಪ ತನ್ನದನ್ನು ಪಿಯಾನೋದ ಬಲಗೈಗೆ ಕೊಟ್ಟ ಜಾಗಕ್ಕೆ ಬಂದಾಗ, ಬಗ್ಗಿ ಕಾಯ್ತಾನ್ ಅಂಕಲ್‌ನ ಕಿರುಬೆರಳನ್ನು ಹಿಡಿದು ಒಂದು ಅಂಗುಲ ಆಚೆ ಇಟ್ಟ.

"ಇಲ್ಲಿ. ಇಲ್ಲಿ ತಡ ಮಾಡು. ಓಡಬೇಡ."

"ನನಗೆ ಇದು ನುಡಿಸ್ಲಿಕ್ಕೆ ಮನಸ್ಸಿಲ್ಲ ಮಾರಾಯ," ಎಂದರು ಅವರು ಮೇಜನ್ನೇ ನೋಡುತ್ತಾ.

"ಮನಸ್ಸು ಬೇಡ, ಬೆರಳು ಸಾಕು."

ಅವರನ್ನು ಬೀಳ್ಕೊಡಲು ಅಮ್ಮ ಮೆಟ್ಟಿಲವರೆಗೆ ಹೋದಳು, ನಾನೂ ಜೊತೆಗಿದ್ದೆ. ಅವಳು ಸುತ್ತು ಬಳಸಲಿಲ್ಲ.

"ಕಾಯ್ತಾನಣ್ಣ, ಅವರ ಜಾಗ ಬಂದಾಗ ನೀವು ಬಲಗೈ ಎತ್ತಿ ಬಿಡಿ. ಖಾಲಿ ಬಿಡಿ. ಜನ ಹೋಗಿ ಮ್ಯಾನೇಜರಿನ ಹತ್ರ ಕೇಳಲಿ, ಆ ಊದುವ ಮನುಷ್ಯ ಎಲ್ಲಿ ಅಂತ. ಇನ್ನೂ ವೀಸಾ ಕ್ಯಾನ್ಸಲ್ ಆಗ್ಲಿಲ್ಲ."

ಅವರು ಕಾಗದಗಳನ್ನು ಸುರುಳಿ ಸುತ್ತಿ ಕಂಕುಳಿಗೆ ಸೇರಿಸಿಕೊಂಡರು.

"ಅವನಿಗೆ ಗೊತ್ತಾದ್ರೆ ನನ್ನನ್ನು ಕೊಲ್ತಾನೆ," ಎಂದು ಹೇಳಿ ಇಳಿದು ಹೋದರು.

ಆ ಶುಕ್ರವಾರ ಸಂಜೆ ಹೊಟೇಲಿನಲ್ಲಿ ಚಹಾದ ಹೊತ್ತಿನ ಕುಣಿತವಿತ್ತು. ಅಪ್ಪ ಇಲ್ಲದ ಮೊದಲನೆಯದು. ಅವನು ನನ್ನನ್ನು ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಬದಿಗೆ ಹೋದ. ಹೊಟೇಲಿನ ಸಭಾಂಗಣಕ್ಕೆ ಸಮುದ್ರದ ಕಡೆ ದೊಡ್ಡ ಗಾಜಿನ ಬಾಗಿಲುಗಳು. ಸೆಕೆ ಕಡಿಮೆಯಿದ್ದ ತಿಂಗಳು, ಬಾಗಿಲು ತೆರೆದಿದ್ದವು. ಕೆಳಗಿನ ಮರಳಿನಲ್ಲಿ ನಿಂತರೆ ಒಳಗಿನದ್ದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನಾಲ್ಕೈದು ಜೋಡಿಗಳು. ಬಿಳಿ ಮೀಸೆಯವನೂ ಇದ್ದ. ಪೆಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು, ಅದರ ಮೇಲೆ ಕಾಯ್ತಾನ್ ಅಂಕಲ್‌ನ ಎರಡು ಕೈಗಳು ಆರು ಜನರನ್ನು ನಡೆಸುತ್ತಿದ್ದವು. ಅಪ್ಪ ಕಣ್ಣು ಸಣ್ಣ ಮಾಡಿ ಕೇಳುತ್ತಿದ್ದ. ಒಮ್ಮೆ ಸರಿ ಎಂಬಂತೆ ಗಂಟಲಲ್ಲಿ ಸದ್ದು ಮಾಡಿದ. ಆಮೇಲೆ ಅವನ ಜಾಗ ಬಂತು. ಕಾಯ್ತಾನ್ ಅಂಕಲ್ ಬಲಗೈ ಎತ್ತಿ ತೊಡೆಯ ಮೇಲಿಟ್ಟರು. ಎಡಗೈ ಮಾತ್ರ ಕೆಳಗೆ ಎಲ್ಲೋ ನಡೆಯುತ್ತಿತ್ತು, ಯಂತ್ರ ಬಡಿಯುತ್ತಿತ್ತು. ನಡುವೆ ಏನೂ ಇಲ್ಲ. ನಾನು ಅಪ್ಪನ ಮುಖ ನೋಡಿದೆ.

"ಎಂತ ಮಾಡ್ತಿದ್ದಾನೆ ಇವ? ಬರೆದು ಕೊಟ್ಟಿದ್ದೇನಲ್ಲ," ಎಂದ ಅಪ್ಪ.

ಆಮೇಲೆ ಅವನು ಪಿಯಾನೋವನ್ನು ಬಿಟ್ಟು ಕುಣಿಯುವವರ ಕಾಲುಗಳನ್ನು ನೋಡತೊಡಗಿದ. ನಾನೂ ನೋಡಿದೆ. ಬಿಳಿ ಮೀಸೆಯವನು ಹೆಂಡತಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ. ಅವಳು ಅವನ ಭುಜದ ಮೇಲಿಂದ ಯಾರಿಗೋ ಏನೋ ಹೇಳಿ ನಕ್ಕಳು. ಒಬ್ಬ ವೇಟರ್ ಕೇಕಿನ ತಟ್ಟೆ ಹಿಡಿದು ಅವರ ನಡುವೆ ನುಸುಳಿ ಹೋದ. ಯಾರೂ ನಿಲ್ಲಲಿಲ್ಲ. ಯಾರೂ ಪಿಯಾನೋದ ಕಡೆ ತಿರುಗಲಿಲ್ಲ. ಯಂತ್ರದ ಟಕ್ ಟಕ್ ಇತ್ತಲ್ಲ, ಕಾಲಿಗೆ ಅಷ್ಟು ಸಾಕಾಗಿತ್ತು. ಖಾಲಿ ಜಾಗ ಮುಗಿದು ಬಲಗೈ ಮತ್ತೆ ಬಂದು ಕೂತಾಗಲೂ ಯಾರಿಗೂ ಏನೂ ಆಗಲಿಲ್ಲ. ಆ ಸಂಜೆ ಮುಂದಿನ ಹಾಡುಗಳಲ್ಲೂ ಕಾಯ್ತಾನ್ ಅಂಕಲ್ ಹಾಗೇ ಮಾಡಿದರು. ಅಪ್ಪ ಕೊನೆಯವರೆಗೂ ನಿಂತ. ಯಾರಿಗೂ ತಿಳಿಯಬಾರದೆಂದು ಇಷ್ಟು ವರ್ಷ ಅವನು ಮುಚ್ಚುತ್ತಾ ಬಂದದ್ದನ್ನು ತೆರೆದಿಟ್ಟರೂ ತಿಳಿಯುವವರು ಅಲ್ಲಿ ಇರಲಿಲ್ಲ.

ಕಾರು ಹತ್ತಿದ ಮೇಲೆ ಅಪ್ಪ ಕೇಳಿದ.

"ಅಮ್ಮ ಹೇಳಿದ್ದಾ ಅವನಿಗೆ?"

"ಹೂಂ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಅವಳನ್ನು ದಾಟಿ ಒಳಗೆ ಹೋಗಿ ಕೈಕಾಲು ತೊಳೆಯತೊಡಗಿದ. ಅವಳು ನನ್ನ ತೋಳು ಹಿಡಿದಳು.

"ಎಂತಾಯ್ತು ಮಗಾ? ಯಾರಾದ್ರೂ ಕೇಳಿದ್ರಾ?"

ಬಚ್ಚಲಿನ ನೀರಿನ ಸದ್ದು ನಿಂತಿತು. ಅಪ್ಪನಿಗೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಿತ್ತು.

"ಎಲ್ಲ ನಿಂತುಬಿಟ್ರು ಅಮ್ಮ," ಎಂದೆ. "ಕುಣಿಯುದು ನಿಲ್ಲಿಸಿ ಪಿಯಾನೋದ ಕಡೆ ನೋಡಿದ್ರು. ಬಿಳಿ ಮೀಸೆಯವ ಹೋಗಿ ಮ್ಯಾನೇಜರಿನ ಹತ್ರ ಕೇಳಿದ."

"ನಾನು ಹೇಳಿರ್ಲಿಲ್ವಾ," ಎಂದಳು ಅಮ್ಮ. ಬಚ್ಚಲಿನ ಕಡೆ ತಿರುಗಿ ದನಿ ಎತ್ತಿದಳು. "ನಾನು ಮೊದಲಿಂದ ಹೇಳಿರ್ಲಿಲ್ವಾ ಇವರಿಗೆ?"

ಮ್ಯಾನೇಜರು ಕರೆಯಲಿಲ್ಲ, ಕರೆಯುವ ಕಾರಣವೂ ಇರಲಿಲ್ಲ. ಅದನ್ನು ಅಮ್ಮ ಮ್ಯಾನೇಜರಿನ ಜಿಪುಣತನಕ್ಕೆ ಸೇರಿಸಿಬಿಟ್ಟಳು. ಆ ತಿಂಗಳು ಮುಗಿಯುವುದರೊಳಗೆ ಅವಳೂ ಸುಜಾತಾಳೂ ವಿಮಾನ ಹತ್ತಿದರು, ಅಪ್ಪ ಸೂರ್‌ಗೆ ಹೋದ, ನಾನು ರುವಿಯ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದೆ. ನಾವು ನಾಲ್ವರೂ ಒಂದೇ ಮೇಜಿಗೆ ಊಟಕ್ಕೆ ಕೂತದ್ದು ಆಮೇಲೆ ರಜೆಯ ದಿನಗಳಲ್ಲಿ ಮಾತ್ರ. ಅಪ್ಪ ರಜೆಗೆ ಊರಿಗೆ ಹೋದಾಗಲೆಲ್ಲ, ಬಂದ ನೆಂಟರ ಮುಂದೆ ಅಮ್ಮ ಆ ಕಥೆ ತೆಗೆಯುತ್ತಿದ್ದಳು: ಇವರು ಇಲ್ಲದ ದಿನ ಅಷ್ಟು ದೊಡ್ಡ ಹೊಟೇಲಿನಲ್ಲಿ ಬಿಳಿಯರು ಕುಣಿಯುವುದನ್ನೇ ನಿಲ್ಲಿಸಿದರು, ಬೇಕಾದರೆ ಮಗನನ್ನು ಕೇಳಿ. ಪಕ್ಕದ ಕುರ್ಚಿಯಲ್ಲಿ ಅಪ್ಪ ಲೋಟ ಹಿಡಿದು ಕೂತಿರುತ್ತಿದ್ದ. ತಪ್ಪು ಸ್ವರ ಕೇಳಿದರೆ ತಿದ್ದದೆ ಬಿಡದ ಆ ಮನುಷ್ಯ, ಸಾಯುವವರೆಗೂ ಅವಳ ಆ ಮಾತನ್ನು ಒಮ್ಮೆಯೂ ತಿದ್ದಲಿಲ್ಲ.